ಚೀಟಿ ಕೊಟ್ಟು ಕೋಳಿ ಸಾಕಿದವರು

2021ರ ಜನವರಿಯಲ್ಲಿ ದೆಹಲಿಗೆ ಹಕ್ಕಿಜ್ವರ ಬಂದಿತ್ತು. ಉದ್ಯಾನಗಳಲ್ಲಿ ಕಾಗೆಗಳು ಸತ್ತು ಬಿದ್ದವು. ಸಂಜಯ ಸರೋವರದ ಬಾತುಕೋಳಿಗಳನ್ನು ಕೊಲ್ಲಬೇಕಾಯಿತು. ಗಾಜೀಪುರದ ಕೋಳಿ ಮಾರುಕಟ್ಟೆಗೆ ಬೀಗ ಬಿತ್ತು. ಅದೇ ದಿನಗಳಲ್ಲಿ ನಮ್ಮ ಸರಕಾರಿ ವಸತಿಗೃಹಗಳ ನಿವಾಸಿಗಳ ಸಂಘಕ್ಕೊಂದು ದೂರು ಬಂತು. ನೆಲಮಹಡಿಯ ಮನೆಯೊಂದರ ಹಿಂಭಾಗದಲ್ಲಿ, ತರಕಾರಿ ಮಂಡಿಯಿಂದ ತಂದ ಹಲಗೆಯ ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ಗೂಡಿನಲ್ಲಿ, ನಾಲ್ಕು ಹೇಂಟೆಗಳಿದ್ದವು. ಸಂಘದ ಕಾರ್ಯದರ್ಶಿ ನಾನು. ಹಗಲೆಲ್ಲ ಕಚೇರಿಯಲ್ಲಿ ಬರೆಯುವ ಧಾಟಿಯಲ್ಲೇ ಸಂಜೆ ನಾಲ್ಕು ಸಾಲು ಬರೆದು ಸಹಿ ಮಾಡಿದೆ. ಎರಡು ದಿನಗಳೊಳಗೆ ಕೋಳಿಗಳನ್ನು ತೆರವುಗೊಳಿಸತಕ್ಕದ್ದು ಎಂಬುದು ಅದರ ಸಾರಾಂಶ. ಎರಡನೆಯ ದಿನಕ್ಕೆ ಗೂಡು ಖಾಲಿಯಾಗಿತ್ತು. ಅವು ಎಲ್ಲಿಗೆ ಹೋದವೆಂದು ನಾನು ಕೇಳಲಿಲ್ಲ. ಹಿಂದಿನ ಮಳೆಗಾಲದಲ್ಲಿ ನನ್ನ ಮಗಳು ಜ್ವರದಿಂದ ಎದ್ದಾಗ ಆ ಮನೆಯ ಗೃಹಿಣಿ ಎರಡು ಮೊಟ್ಟೆಗಳನ್ನು ಸೆರಗಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಸಹಿ ಮಾಡುವಾಗ ಅದೂ ನೆನಪಿತ್ತು.

ಆ ಪತ್ರ ಬರೆದದ್ದು ತಪ್ಪೆಂದು ಈಗಲೂ ಹೇಳಲಾರೆ. ರೋಗ ನಿಜವಾಗಿತ್ತು, ನೆರೆಹೊರೆಯವರ ಭಯವೂ ನಿಜವಾಗಿತ್ತು. ಆದರೆ ಹಕ್ಕಿಜ್ವರ ಹೋಯಿತು, ಪತ್ರ ಉಳಿಯಿತು. ಕೆಲವು ವಾರಗಳ ಮಟ್ಟಿಗೆ ಹುಟ್ಟಿದ ನಿಷೇಧ ಯಾರೂ ಮತ್ತೆ ಎತ್ತಿ ನೋಡದ ಕಾರಣಕ್ಕೇ ಶಾಶ್ವತವಾಯಿತು. ಕಡತಗಳ ನಡುವೆ ಬಾಳುವವರಿಗೆ ಇದು ಹೊಸತೇನಲ್ಲ.

ಇದಾದ ಮೇಲೆ, ದರಿಯಾಗಂಜಿನಿಂದ ಮಹಿಳಾ ಹಾಟ್‌ಗೆ ವರ್ಗವಾದ ಭಾನುವಾರದ ಹಳೆಯ ಪುಸ್ತಕಗಳ ಸಂತೆಯಲ್ಲಿ ತೆಳುವಾದ ಇಂಗ್ಲಿಷ್ ಪುಸ್ತಕವೊಂದು ಕೈಗೆ ಸಿಕ್ಕಿತು. ಅಡುಗೆಮನೆಯ ಕಸದ ಮೇಲೆ ಕೋಳಿ ಮತ್ತು ಮೊಲಗಳನ್ನು ಸಾಕುವ ಬಗೆಯನ್ನು ತಿಳಿಸುವ ಪುಸ್ತಕ ಅದು. ಕ್ಲಾಡ್ ಗುಡ್‌ಚೈಲ್ಡ್ ಮತ್ತು ಅಲನ್ ಥಾಂಪ್ಸನ್ ಬರೆದ ಅದನ್ನು ಪೆಂಗ್ವಿನ್ ಪ್ರಕಾಶನ ಮೊದಲು ಅಚ್ಚುಹಾಕಿದ್ದು 1941ರಲ್ಲಿ. ಎಂ.ಎ. ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಇಂಗ್ಲೆಂಡನ್ನು ನಾನು ಕಾವ್ಯದ ಮೂಲಕ, ಕಾದಂಬರಿಯ ಮೂಲಕ ಓದಿದ್ದೆ. ಅಲ್ಲಿ ಬಾಂಬಿತ್ತು, ಬೆಂಕಿಯಿತ್ತು, ಆತ್ಮದ ಸಂಕಟವಿತ್ತು. ಆಲೂಗಡ್ಡೆಯ ಸಿಪ್ಪೆ ಬೇಯುವ ವಾಸನೆ ಇರಲಿಲ್ಲ. ಆ ದೇಶ ಒಂದು ಕಾಲಕ್ಕೆ ತನ್ನ ಪಟ್ಟಣಗಳ ಹಿತ್ತಲುಗಳಲ್ಲಿ ಒಂದು ಕೋಟಿಗೂ ಹೆಚ್ಚು ಕೋಳಿಗಳನ್ನು ಸಾಕಿತ್ತೆಂಬ ಸಂಗತಿ ನನಗೆ ಹೊಸದು. ಅದಕ್ಕಿಂತ ಹೊಸದಾಗಿ ಕಂಡದ್ದು ಅಲ್ಲಿಯ ಸರಕಾರ ಆ ಕೋಳಿಗಳೊಡನೆ ನಡೆದುಕೊಂಡ ರೀತಿ. ನನ್ನ ಪತ್ರದಲ್ಲಿ ತಾತ್ಕಾಲಿಕ ನಿಷೇಧ ಶಾಶ್ವತವಾಗಿತ್ತು. ಅಲ್ಲಿ ತಾತ್ಕಾಲಿಕ ಅನುಮತಿಯೊಂದು ಶಾಶ್ವತವಾಗಿತ್ತು. ಅದು ಹೇಗೆ ಆಯಿತೆಂಬುದನ್ನು ಬರೆದಿಡಬೇಕೆನ್ನಿಸಿತು.

ಯುದ್ಧಕಾಲದಲ್ಲಿ ಸರಕಾರಕ್ಕೆ ಹಿತ್ತಲ ಕೋಳಿಯ ನೆನಪಾದದ್ದು ಅದೇ ಮೊದಲಲ್ಲ. ಮೊದಲನೆಯ ಮಹಾಯುದ್ಧದ ಕೊನೆಗೆ ಅಮೆರಿಕದ ಕೃಷಿ ಇಲಾಖೆ, ಮನೆಯಲ್ಲಿ ಎಷ್ಟು ಜನರಿದ್ದಾರೋ ತಲೆಗೆರಡರಂತೆ ಹಿತ್ತಲಲ್ಲಿ ಕೋಳಿಗಳಿದ್ದರೆ ಮೊಟ್ಟೆಗೆ ಕೊರತೆಯಾಗದೆಂದು ಚಿತ್ರಪತ್ರಗಳನ್ನು ಹಂಚಿತ್ತು. ಆದರೆ ಅದು ಉಪದೇಶ. 1940ರ ದಶಕದ ಬ್ರಿಟನ್ನಿನಲ್ಲಿ ನಡೆದದ್ದು ಒಂದು ಒಪ್ಪಂದ. ಅದನ್ನು ತಿಳಿಯಲು ಮೊದಲು ಅಲ್ಲಿಯ ಕೋಳಿಗೆ ಬಂದ ಕುತ್ತನ್ನು ತಿಳಿಯಬೇಕು.

ಯುದ್ಧಕ್ಕೆ ಮುಂಚೆ ಬ್ರಿಟನ್ ತಾನು ಉಣ್ಣುವ ಆಹಾರದ ಸುಮಾರು ಮೂರನೇ ಎರಡು ಪಾಲನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿತ್ತು. ದನ, ಹಂದಿ, ಕೋಳಿಗಳ ಮೇವಿನ ಕಾಳಿನಲ್ಲೂ ದೊಡ್ಡ ಪಾಲು ಸಮುದ್ರ ದಾಟಿ ಬರುತ್ತಿತ್ತು. ಡೆನ್ಮಾರ್ಕ್ ಮತ್ತು ಹಾಲೆಂಡ್‌ಗಳಿಂದ ಮೊಟ್ಟೆಗಳೂ ಬರುತ್ತಿದ್ದವು. 1940ರ ಏಪ್ರಿಲಿನಲ್ಲಿ ಡೆನ್ಮಾರ್ಕ್, ಮೇ ತಿಂಗಳಲ್ಲಿ ಹಾಲೆಂಡ್ ಜರ್ಮನರ ವಶವಾದವು. ಆ ಬಾಗಿಲು ಮುಚ್ಚಿತು. ಉಳಿದ ಹಡಗುಗಳನ್ನು ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಮುಳುಗಿಸತೊಡಗಿದವು. ಈಗ ಹಡಗಿನ ಒಂದೊಂದು ಮೂಲೆಗೂ ಲೆಕ್ಕ ಬಂತು. ಆ ಲೆಕ್ಕದಲ್ಲಿ ಕೋಳಿ ಸೋತಿತು.

ಲೆಕ್ಕ ಸರಳವಾದದ್ದು. ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ. ವರ್ಷಕ್ಕೆ 40 ಕಿಲೋ. ಅದು ವರ್ಷಕ್ಕೆ 150 ಮೊಟ್ಟೆ ಇಟ್ಟಿತೆನ್ನೋಣ. ಹಾಗಾದರೆ ಒಂದು ಮೊಟ್ಟೆಯ ಹಿಂದೆ ಕಾಲು ಕಿಲೋಗಿಂತ ತುಸು ಹೆಚ್ಚು ಕಾಳು ಖರ್ಚಾಯಿತು. ಅಷ್ಟೇ ಗೋಧಿಯನ್ನು ಬೀಸಿ ರೊಟ್ಟಿ ಮಾಡಿದರೆ ಮನುಷ್ಯನ ಹೊಟ್ಟೆಗೆ ಸಿಗುವ ಶಕ್ತಿ ಒಂದು ಮೊಟ್ಟೆಗಿಂತ ಎಷ್ಟೋ ಪಾಲು ಹೆಚ್ಚು. ಹಸು ಹುಲ್ಲು ತಿಂದು ಹಾಲು ಕೊಡುತ್ತದೆ. ಹುಲ್ಲು ಮನುಷ್ಯನ ಆಹಾರವಲ್ಲ. ಕೋಳಿಯೂ ಹಂದಿಯೂ ಮನುಷ್ಯ ತಿನ್ನಬಹುದಾದುದನ್ನೇ ತಿನ್ನುತ್ತವೆ. ಆದ್ದರಿಂದ ಮೇವಿನ ಹಂಚಿಕೆಯಲ್ಲಿ ಹಾಲು ಕೊಡುವ ಹಸುವಿಗೆ ಮೊದಲ ಪಂಕ್ತಿ, ಕೋಳಿಗೆ ಕೊನೆಯ ಪಂಕ್ತಿ. ದೊಡ್ಡ ಕೋಳಿ ಸಾಕಣೆದಾರರ ಮೇವಿನ ಪಾಲನ್ನು ಹಂತಹಂತವಾಗಿ ಕತ್ತರಿಸಿದರು. ಅವರ ಕೋಳಿಗಳು ಸಾಮೂಹಿಕವಾಗಿ ಅಡುಗೆಮನೆ ಸೇರಿದವು. 1941ರ ಜೂನ್‌ನಲ್ಲಿ ಮೊಟ್ಟೆ ನಿಯಂತ್ರಿತ ವಿತರಣೆಗೆ ಒಳಪಟ್ಟಿತು. ತಲೆಗೆ ವಾರಕ್ಕೊಂದು ಎಂಬುದು ಮಾತು, ಅದೂ ಸಿಕ್ಕರೆ. ಬಸುರಿಯರಿಗೆ, ಮಕ್ಕಳಿಗೆ, ರೋಗಿಗಳಿಗೆ ಆದ್ಯತೆ. 1942ರಿಂದ ಅಮೆರಿಕದ ಮೊಟ್ಟೆಪುಡಿ ಬಂತು; ಒಂದು ಪೊಟ್ಟಣ ಒಂದು ಡಜನ್ ಮೊಟ್ಟೆಗೆ ಸಮ. ಚಿಪ್ಪು ಎತ್ತಿಹಾಕಿ ನೀರನ್ನೂ ತೆಗೆದ ಮೊಟ್ಟೆಗೆ ಹಡಗಿನಲ್ಲಿ ಬೇಕಾದ ಜಾಗ ಅತ್ಯಲ್ಪ. ಕೇಕಿಗೂ ಆಮ್ಲೆಟ್ಟಿಗೂ ಅದು ಒದಗುತ್ತಿತ್ತು. ಆದರೆ ಬೆಳಗ್ಗೆ ಬೇಯಿಸಿ ಚಮಚದಿಂದ ಒಡೆದು ತಿನ್ನುವ ಮೊಟ್ಟೆ ಪುಡಿಯಿಂದ ಹುಟ್ಟುವುದಿಲ್ಲ.

ಹೀಗೆ ಗದ್ದುಗೆ ಕಳೆದುಕೊಂಡ ಕೋಳಿಗೆ ಹಿತ್ತಲಲ್ಲಿ ಮರುಜನ್ಮ ಬಂದದ್ದು ಒಂದು ಸಣ್ಣ ತಿದ್ದುಪಡಿಯಿಂದ. ಕೋಳಿ ಕಾಳು ತಿಂದರೆ ಮನುಷ್ಯನ ಪ್ರತಿಸ್ಪರ್ಧಿ, ನಿಜ. ಆದರೆ ಆಲೂಗಡ್ಡೆಯ ಸಿಪ್ಪೆ, ಕೋಸಿನ ಹೊರಗಿನ ಎಲೆ, ತಟ್ಟೆಯಲ್ಲುಳಿದ ಚೂರು, ಹಿತ್ತಲ ಕಳೆ ತಿಂದರೆ? ಅದನ್ನು ಯಾವ ಹಡಗೂ ಹೊರಬೇಕಿಲ್ಲ. ನೂರಾರು ಕೋಳಿ ಸಾಕುವವನಿಗೆ ಇಂಥ ಕಸ ಸಾಲದು, ಹೊತ್ತು ತರುವುದಕ್ಕೇ ದುಡಿಮೆ ಸಾಲದು. ಒಂದು ಮನೆಯ ಕಸ ಮಾತ್ರ ಎರಡೋ ಮೂರೋ ಕೋಳಿಗಳ ಹೊಟ್ಟೆಯನ್ನು ಬಹುಪಾಲು ತುಂಬಬಲ್ಲದು. ಅಂದರೆ ದೊಡ್ಡ ಪ್ರಮಾಣದಲ್ಲಿ ನಷ್ಟವಾದ ಕಸುಬೇ ಸಣ್ಣ ಪ್ರಮಾಣದಲ್ಲಿ ಲಾಭ. ಸಣ್ಣದು ದೊಡ್ಡದರ ಬಡ ತಮ್ಮನಲ್ಲ. ಅದರ ಅರ್ಥಶಾಸ್ತ್ರವೇ ಬೇರೆ ಎಂಬುದನ್ನು ಬ್ರಿಟಿಷ್ ಅಧಿಕಾರಿಗಳು ಆ ಕಷ್ಟದಲ್ಲಿ ಕಂಡುಕೊಂಡರು.

ಕೇವಲ ಸಿಪ್ಪೆಯಿಂದ ಕೋಳಿ ಬದುಕೀತು, ಮೊಟ್ಟೆ ಇಡಲಾರದು. ಪ್ರೋಟೀನೂ ಖನಿಜಗಳೂ ಬೇಕು. ಅದಕ್ಕಾಗಿ ‘ಬ್ಯಾಲೆನ್ಸರ್ ಮೀಲ್’ ಎಂಬ ಹಿಟ್ಟನ್ನು ಸರಕಾರ ಕೊಡಮಾಡಿತು. ಕಸದಲ್ಲಿ ಇಲ್ಲದುದನ್ನು ಸರಿದೂಗಿಸುವ ಹಿಟ್ಟು. ಆದರೆ ಪುಕ್ಕಟೆಯಾಗಿ ಅಲ್ಲ. ಹಿಟ್ಟು ಬೇಕಾದವರು ತಮ್ಮ ರೇಷನ್ ಪುಸ್ತಕದಲ್ಲಿ ಮೊಟ್ಟೆಗಾಗಿ ಇದ್ದ ಹಕ್ಕನ್ನು ಬಿಟ್ಟುಕೊಡಬೇಕು. ಎಷ್ಟು ಜನ ಬಿಟ್ಟುಕೊಟ್ಟರೋ ಅಷ್ಟರ ಲೆಕ್ಕಕ್ಕೆ ಹಿಟ್ಟು. ನನ್ನ ಪಾಲಿನ ವಾರದ ಮೊಟ್ಟೆ ನನಗೆ ಬೇಡ, ನನ್ನ ಕೋಳಿಗೆ ಮೇವು ಕೊಡಿ. ಅದು ಇಟ್ಟರೆ ನನ್ನದು, ಇಡದಿದ್ದರೆ ನನ್ನ ಕರ್ಮ. ಹಿತ್ತಲಿಲ್ಲದ ನೆರೆಯವರು ತಮ್ಮ ಚೀಟಿಯನ್ನೂ ಮನೆಯ ಸಿಪ್ಪೆಯನ್ನೂ ಕೋಳಿಯಿದ್ದವರಿಗೆ ಕೊಟ್ಟು ಮೊಟ್ಟೆಯಲ್ಲಿ ಪಾಲು ಪಡೆಯುತ್ತಿದ್ದರು. 1940ರಲ್ಲಿ ಮನೆಕೋಳಿ ಸಾಕುವವರಿಗೆಂದೇ ಒಂದು ಪರಿಷತ್ತು ರಚನೆಯಾಯಿತು. ಅದರ ಆಶ್ರಯದಲ್ಲಿ ಬೀದಿಬೀದಿಗಳಲ್ಲಿ ಕ್ಲಬ್ಬುಗಳು ಹುಟ್ಟಿ ಹಿಟ್ಟಿನ ಹಂಚಿಕೆಗೂ ಸಲಹೆಗೂ ನೆರವಾದವು.

ಈ ಏರ್ಪಾಟಿನಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಸಂಕ್ಷಿಪ್ತತೆ. ಪ್ರತಿ ಕೋಳಿಯನ್ನೂ ಎಣಿಸಲು ಹಿತ್ತಲಿಗೊಬ್ಬ ಇನ್ಸ್‌ಪೆಕ್ಟರ್ ಬೇಕಾಗಿರಲಿಲ್ಲ. ಮನುಷ್ಯ ತನ್ನ ಬಾಯಿಯ ಒಂದು ತುತ್ತನ್ನು ಒತ್ತೆಯಿಟ್ಟಿದ್ದಾನೆ. ಕೋಳಿಯನ್ನು ಅವನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ನಮ್ಮ ಎಷ್ಟೋ ಯೋಜನೆಗಳ ಕಡತಗಳನ್ನು ನೋಡಿದವನಾಗಿ ಹೇಳುತ್ತೇನೆ, ಇಷ್ಟು ಕಡಿಮೆ ಕಾಗದದಲ್ಲಿ ಇಷ್ಟು ನಂಬಿಕೆಯನ್ನು ಹಿಡಿದಿಟ್ಟ ಸುತ್ತೋಲೆ ಅಪರೂಪ.

ಹಿಟ್ಟು ಸರಕಾರ ಕೊಟ್ಟಿತು. ಗೂಡು? ಅದನ್ನು ಯಾರೂ ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ಮರ ನಿಯಂತ್ರಿತ ವಸ್ತುವಾಗಿತ್ತು. ಬಾಂಬಿಗೆ ಕುಸಿದ ಮನೆಯಿಂದ ಹಲಗೆ ಎತ್ತಿಕೊಂಡರೆ ಕಾನೂನಿನ ದೃಷ್ಟಿಯಲ್ಲಿ ಅದು ಕೊಳ್ಳೆ. ಹಾಗಾಗಿ ಕಿತ್ತಳೆ ಹಣ್ಣಿನ ಪೆಟ್ಟಿಗೆ, ಚಹಾ ಬಂದ ಪೆಟ್ಟಿಗೆ, ಹಳೆಯ ಬಾಗಿಲು, ಮುರಿದ ಮಂಚ ಇವೇ ಗೂಡುಗಳಾದವು. ಕಿತ್ತಳೆ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿದರೆ ನಡುವಿನ ಹಲಗೆ ಎರಡು ಕೋಣೆ ಮಾಡುತ್ತದೆ. ಮುಂದೆ ಒಂದು ಪಟ್ಟಿ ಹೊಡೆದು ಒಣಹುಲ್ಲು ಹಾಸಿದರೆ ಎರಡು ಕೋಳಿ ಮೊಟ್ಟೆಯಿಡುವ ಜಾಗ ಸಿದ್ಧ. ಒಂದಡಿ ಉದ್ದ, ಒಂದಡಿ ಅಗಲ ಸಾಕು. ಕೋಳಿಗೆ ಬೇಕಾದದ್ದು ವೈಭವವಲ್ಲ, ಮಬ್ಬುಗತ್ತಲೆ. ರಾತ್ರಿ ಕೂರಲು ಅಡ್ಡಗೋಲು. ತಲೆಗೆ ಎಂಟೊಂಬತ್ತು ಅಂಗುಲ ಜಾಗ. ಅದರ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಬೇಕು, ಬೇಕೆಂದಾಗ ಎತ್ತಿ ತೆಗೆಯುವಂತೆ ಇಡಬೇಕು. ಏಕೆಂದರೆ ಹಗಲು ಕೋಲಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಕೆಂಪು ಉಣ್ಣೆಗಳಿಗೆ ಸೀಮೆಎಣ್ಣೆ ಬಳಿಯುವುದೊಂದೇ ಮದ್ದು. ಮಳೆನೀರಿನ ದೋಣಿಯ ತುಂಡು ಮೇವಿನ ತೊಟ್ಟಿಯಾಯಿತು. ತಟ್ಟೆಯ ಮೇಲೆ ಬೋರಲು ಹಾಕಿದ ಸೀಸೆ ನೀರಿನ ಪಾತ್ರೆಯಾಯಿತು. ಗಾಳಿ ಮೇಲಿನಿಂದ ಆಡಬೇಕು, ಕೋಳಿಯ ಮೈಗೆ ನೇರ ಬಡಿಯಬಾರದು ಎಂಬುದು ಗೂಡಿನ ಮೂಲಸೂತ್ರ. ಚಳಿಯನ್ನು ಕೋಳಿ ತಡೆಯುತ್ತದೆ, ತೇವವನ್ನು ತಡೆಯದು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಲ್ಲುಪೆಟ್ಟಿಗೆ. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರವಾರಕ್ಕೂ ತುಸು ಕಡಿಮೆ. ದೀಪವಿಟ್ಟು ಕಾವು ಕೊಡೋಣವೆಂದರೆ ಸೀಮೆಎಣ್ಣೆಗೂ ಅಭಾವ. ಆಗ ಜನ ಒಂದು ಹಲಗೆ ಪೆಟ್ಟಿಗೆ ತೆಗೆದುಕೊಂಡು, ಒಳಗೆ ತಂತಿಬಲೆಯನ್ನು ದುಂಡಗೆ ಸುತ್ತಿ ನಿಲ್ಲಿಸಿ, ಬಲೆಗೂ ಪೆಟ್ಟಿಗೆಯ ಗೋಡೆಗೂ ನಡುವೆ ಒಣಹುಲ್ಲನ್ನು ಬಿಗಿಯಾಗಿ ತುರುಕಿದರು. ನಡುವಿನ ಪೊಳ್ಳಿನಲ್ಲಿ ಮರಿಗಳು. ಮೇಲಿನಿಂದ ಉಣ್ಣೆಬಟ್ಟೆಯ ತುಂಡೊಂದು ಮರಿಗಳ ಬೆನ್ನಿಗೆ ತಾಗುವಂತೆ ಸಡಿಲವಾಗಿ ಇಳಿಬಿದ್ದಿರುತ್ತದೆ, ತಾಯಿಯ ರೆಕ್ಕೆಯಂತೆ. ದೀಪವಿಲ್ಲ, ಬೆಂಕಿಯಿಲ್ಲ. ಮರಿಗಳ ಮೈಯ ಶಾಖವೇ ಹುಲ್ಲಿನೊಳಗೆ ಸಿಕ್ಕಿಕೊಂಡು ಮರಿಗಳಿಗೇ ಹಿಂತಿರುಗುತ್ತದೆ. ಹತ್ತಾರು ಮರಿಗಳು ಒಟ್ಟಿಗೆ ಇದ್ದರಷ್ಟೇ ಇದು ನಡೆಯುತ್ತದೆ; ನಾಲ್ಕೈದೇ ಇದ್ದರೆ ಕಾವು ಸಾಲದು. ಅದೇ ಕಾಲದಲ್ಲಿ ಇಂಗ್ಲೆಂಡಿನ ಗೃಹಿಣಿಯರು ಕುದಿದ ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಉರುವಲಿಲ್ಲದೆ ಅಡುಗೆ ಪೂರೈಸುತ್ತಿದ್ದರು. ಊಟಕ್ಕೂ ಮರಿಗೂ ಒಂದೇ ಉಪಾಯ.

ಇದನ್ನು ಓದುವಾಗ ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅವ್ವ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದುದು ನೆನಪಾಯಿತು. ಹಳೆಯ ಮಂಕರಿಯೊಂದರಲ್ಲಿ ಬೂದಿ, ಅದರ ಮೇಲೆ ರಾಗಿಹುಲ್ಲು, ಅದರ ಮೇಲೆ ಒಂಬತ್ತೋ ಹನ್ನೊಂದೋ ಮೊಟ್ಟೆ. ಸಂಖ್ಯೆ ಎಂದೂ ಬೆಸವಾಗಿಯೇ ಇರಬೇಕು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಹುಲ್ಲಿನಡಿ ಒಂದು ಕಬ್ಬಿಣದ ಚೂರು. ಇಪ್ಪತ್ತೊಂದನೆಯ ದಿನ ಬುಟ್ಟಿಗೆ ಕಿವಿಗೊಟ್ಟು ಕೇಳುವ ಹಕ್ಕಿಗಾಗಿ ನಾನೂ ತಂಗಿಯೂ ಜಗಳವಾಡುತ್ತಿದ್ದೆವು. ಕಬ್ಬಿಣದ ಚೂರಿಗೆ ವಿಜ್ಞಾನದಲ್ಲಿ ಆಧಾರವಿಲ್ಲ. ಆದರೆ ಬೂದಿ ಹೇನು ಉಣ್ಣೆಗಳನ್ನು ತಡೆಯುತ್ತದೆ, ಹುಲ್ಲು ಶಾಖವನ್ನು ಹಿಡಿದಿಡುತ್ತದೆ. ಲಂಡನ್ನಿನ ಗುಮಾಸ್ತ ಸರಕಾರಿ ಕರಪತ್ರ ಓದಿ ಕಲಿತದ್ದನ್ನು ಅವ್ವ ತನ್ನ ಅತ್ತೆಯಿಂದ ಕಲಿತಿದ್ದಳು. ಮೊಟ್ಟೆ ಮಾರಿದ ದುಡ್ಡು ಅವಳದೇ. ಅದಕ್ಕೆ ಅಪ್ಪ ಲೆಕ್ಕ ಕೇಳುತ್ತಿರಲಿಲ್ಲ. ನನ್ನ ಮೊದಲ ಇಂಗ್ಲಿಷ್ ನಿಘಂಟು ಬಂದದ್ದು ಆ ಗಂಟಿನಿಂದಲೇ.

ಅವ್ವನಿಗೆ ಗೊತ್ತಿದ್ದು ಪಟ್ಟಣದ ಇಂಗ್ಲಿಷರು ಹೊಸದಾಗಿ ಕಲಿಯಬೇಕಾದ ಸಂಗತಿಗಳು ಹಲವು. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಬೇಕಾದರೆ ಮಾತ್ರ ಹುಂಜ. ಶರತ್ಕಾಲದಲ್ಲಿ ಕೋಳಿ ಗರಿ ಉದುರಿಸುತ್ತದೆ, ಆಗ ಮೊಟ್ಟೆ ನಿಲ್ಲುತ್ತದೆ; ಅದು ರೋಗವಲ್ಲ, ರಜೆ. ಹಗಲು ಕುಗ್ಗಿದಂತೆ ಮೊಟ್ಟೆಯೂ ಕುಗ್ಗುತ್ತದೆ. ಚಳಿಗಾಲಕ್ಕಾಗಿ ಅವರು ವಸಂತದ ಹೆಚ್ಚುವರಿ ಮೊಟ್ಟೆಗಳನ್ನು ‘ವಾಟರ್‌ಗ್ಲಾಸ್’ ಎಂಬ ಸೋಡಿಯಂ ಸಿಲಿಕೇಟ್ ದ್ರಾವಣ ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡುತ್ತಿದ್ದರು. ಅದು ಚಿಪ್ಪಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ಮೊಟ್ಟೆಯನ್ನು ತಿಂಗಳುಗಟ್ಟಲೆ ಕಾಯುತ್ತದೆ. ಅಂಥ ಮೊಟ್ಟೆಯನ್ನು ಬೇಯಿಸುವ ಮುನ್ನ ಸೂಜಿಯಿಂದ ಚುಚ್ಚಬೇಕು. ಒಳಗಿನ ಗಾಳಿಗೆ ದಾರಿಯಿಲ್ಲದೆ ಇಲ್ಲವಾದರೆ ಒಡೆಯುತ್ತದೆ. ಸಂಜೆಯಾದರೆ ಮನೆಮನೆಯ ಒಲೆಯ ಮೇಲೆ ಸಿಪ್ಪೆಯ ಪಾತ್ರೆ. ಬೆಂದ ಸಿಪ್ಪೆಯನ್ನು ಕಿವುಚಿ, ಹಿಟ್ಟು ಬೆರೆಸಿ, ಹಿಡಿದರೆ ಉಂಡೆಯಾಗುವಂತೆ, ಬಿಟ್ಟರೆ ಉದುರುವಂತೆ ಹದ ಮಾಡಬೇಕು. ಆ ಕಾಲದ ಮಕ್ಕಳಾಗಿದ್ದವರು ಮುಂದೆ ಬರೆದ ನೆನಪುಗಳಲ್ಲಿ ಬಾಂಬಿನ ಸದ್ದಿನಷ್ಟೇ ಆ ವಾಸನೆಯೂ ಉಳಿದಿದೆ. ಇನ್ನೊಂದು ನೆನಪೂ ಉಳಿದಿದೆ: ಮೊಟ್ಟೆ ನಿಂತ ಮುದಿಕೋಳಿಯನ್ನು ಕೊಲ್ಲುವ ದಿನ. ಹೆಸರಿಟ್ಟು ಕರೆದ ಕೋಳಿಯನ್ನು ಕೊಯ್ಯಲು ಪಟ್ಟಣದವರ ಕೈ ಬರುತ್ತಿರಲಿಲ್ಲ. ಅವ್ವನೂ ಕೋಳಿಗಳಿಗೆ ಹೆಸರಿಡಲು ನಮ್ಮನ್ನು ಬಿಡುತ್ತಿರಲಿಲ್ಲ. ಕಾರಣ ಈಗ ತಿಳಿಯುತ್ತದೆ.

ಯುದ್ಧದ ಕೊನೆಯ ವರ್ಷಗಳಲ್ಲಿ ಹೀಗೆ ಸಾಕಿದ ಮನೆಕೋಳಿಗಳ ಸಂಖ್ಯೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ. ಸರಕಾರದ ಲೆಕ್ಕಕ್ಕೆ ಬಂದ ತಾಜಾ ಮೊಟ್ಟೆಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಹಿತ್ತಲುಗಳದೇ. ಹಣ್ಣಿನ ಪೆಟ್ಟಿಗೆ, ಸಿಪ್ಪೆ ಮತ್ತು ಒಂದಿಷ್ಟು ಹಿಟ್ಟಿನಿಂದ ಹುಟ್ಟಿದ ಸಂಪತ್ತು ಇದು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಂದರವಾಗಿಯೇ ಇರುತ್ತದೆ. ಆದರೆ ಭಾರತದ ಓದುಗ ಇಲ್ಲಿಗೆ ನಿಲ್ಲಿಸಲಾರ. ಕೋಳಿಯ ಮೇವನ್ನು ಕತ್ತರಿಸಿದ ಅದೇ ಹಡಗಿನ ಲೆಕ್ಕಕ್ಕೆ ಇನ್ನೊಂದು ಪುಟವಿತ್ತು. 1942ರಲ್ಲಿ, ಜಪಾನೀಯರ ಕೈಗೆ ಸಿಗದಿರಲೆಂದು ಬಂಗಾಳದ ಕರಾವಳಿಯ ಜಿಲ್ಲೆಗಳಿಂದ ಅಕ್ಕಿಯ ದಾಸ್ತಾನನ್ನೂ ಸಾವಿರಾರು ದೋಣಿಗಳನ್ನೂ ಸರಕಾರ ತೆಗೆಸಿತು. 1943ರ ಜನವರಿಯಲ್ಲಿ, ಬ್ರಿಟನ್ನಿನ ಆಮದಿಗೆ ಹಡಗುಗಳು ಸಾಲವೆಂದು ಹಿಂದೂ ಮಹಾಸಾಗರದ ಹಡಗು ಸಂಚಾರವನ್ನು ತೀವ್ರವಾಗಿ ಕಡಿತಗೊಳಿಸಲಾಯಿತು. ಆ ವರ್ಷ ಬಂಗಾಳದಲ್ಲಿ ಜನ ರಸ್ತೆಗಳ ಮೇಲೆ ಸತ್ತರು. 1945ರ ಕ್ಷಾಮ ವಿಚಾರಣಾ ಆಯೋಗ ಸತ್ತವರನ್ನು ಸುಮಾರು 15 ಲಕ್ಷವೆಂದು ಎಣಿಸಿತು. ಆಮೇಲಿನ ಅಂದಾಜುಗಳು 30 ಲಕ್ಷದವರೆಗೂ ಹೋಗುತ್ತವೆ. ಕ್ಷಾಮಕ್ಕೆ ಕಾರಣಗಳು ಹಲವು, ಹಡಗು ಅವುಗಳಲ್ಲಿ ಒಂದು. ಆದರೂ ಒಂದು ಮಾತು ಹೇಳಲೇಬೇಕು. ಒಂದೇ ಸಾಮ್ರಾಜ್ಯದ ಒಂದು ತುದಿಯಲ್ಲಿ ರಾಜ್ಯ ಪ್ರಜೆಯ ಬಳಿ ಬಂದು, ನಿನ್ನ ಮೊಟ್ಟೆಯ ಚೀಟಿ ಕೊಡು, ನಿನ್ನ ಕೋಳಿಗೆ ಹಿಟ್ಟು ಕೊಡುತ್ತೇನೆ ಎಂದು ವ್ಯವಹಾರ ಮಾಡಿತು. ಇನ್ನೊಂದು ತುದಿಯಲ್ಲಿ ಮೀನುಗಾರನ ದೋಣಿಯನ್ನು ಒಯ್ಯುವಾಗ ಅವನೊಡನೆ ಅಂಥ ಮಾತುಕತೆ ನಡೆಯಲಿಲ್ಲ. ಸಣ್ಣವರ ಮೇಲೆ ನಂಬಿಕೆ ಇಡಬಲ್ಲ ಸರಕಾರಕ್ಕೆ ಆ ನಂಬಿಕೆಯನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೂ ಗೊತ್ತಿತ್ತು.

ಯುದ್ಧ ಮುಗಿದರೂ ಬ್ರಿಟನ್ನಿನ ಅಭಾವ ಮುಗಿಯಲಿಲ್ಲ. ಯುದ್ಧದಲ್ಲಿ ಇರದಿದ್ದ ಬ್ರೆಡ್ಡಿನ ರೇಷನ್ 1946ರಲ್ಲಿ ಬಂದು ಎರಡು ವರ್ಷ ಇತ್ತು. ಹಿತ್ತಲ ಆ್ಯಂಡರ್ಸನ್ ಬಾಂಬ್ ಆಸರೆಗಳು ಈಗ ಕೋಳಿಗೂಡುಗಳಾದವು. ಮನೆ ಬಾಡಿಗೆಯ ಕರಾರುಗಳಲ್ಲಿ ಕೋಳಿ ಸಾಕಬಾರದೆಂಬ ಷರತ್ತು ಅಲ್ಲಿಯೂ ಸಾಮಾನ್ಯವಾಗಿತ್ತು. ಯುದ್ಧಕಾಲದ ನಿಯಮವೊಂದು ಅದನ್ನು ತಾತ್ಕಾಲಿಕವಾಗಿ ಬದಿಗೆ ಸರಿಸಿತ್ತು. ಆ ನಿಯಮ ಯುದ್ಧದೊಡನೆ ಸಾಯಬಹುದಿತ್ತು. ಸಾಯಲಿಲ್ಲ. 1950ರ ಅಲಾಟ್‌ಮೆಂಟ್ಸ್ ಕಾಯಿದೆಯ 12ನೆಯ ಕಲಮಿನಲ್ಲಿ ಪಾರ್ಲಿಮೆಂಟು ಅದನ್ನು ಶಾಶ್ವತಗೊಳಿಸಿತು. ಕರಾರಿನಲ್ಲಿ ಏನೇ ಬರೆದಿರಲಿ, ನೆಲದ ಅನುಭೋಗದಲ್ಲಿರುವವನು ಅಲ್ಲಿ ಕೋಳಿ ಮತ್ತು ಮೊಲಗಳನ್ನು ಸಾಕಬಹುದು. ಜೊತೆಗೆ ಮಿತಿಗಳು: ಹೇಂಟೆ ಸರಿ, ಹುಂಜ ಇಲ್ಲ. ಮನೆಬಳಕೆಗೆ ಸರಿ, ವ್ಯಾಪಾರಕ್ಕೆ ಇಲ್ಲ. ಆರೋಗ್ಯಕ್ಕೆ ಹಾನಿಯಾಗುವಂತೆ, ನೆರೆಯವರಿಗೆ ಉಪದ್ರವವಾಗುವಂತೆ ಸಾಕುವುದಕ್ಕೆ ಅನುಮತಿಯಿಲ್ಲ. ಕೆಲವೇ ಸಾಲುಗಳು. ಕೂಗುವುದನ್ನು ಮೊಟ್ಟೆಯಿಡುವುದರಿಂದ ಬೇರ್ಪಡಿಸಿದ ಈ ಕಲಮನ್ನು ಓದಿದಾಗ ನನ್ನ ನಾಲ್ಕು ಸಾಲಿನ ಪತ್ರ ನನಗೆ ನಾಚಿಕೆ ತಂದಿತು. ಉಪದ್ರವವನ್ನು ತಡೆಯುವುದಕ್ಕೂ ಕೋಳಿಯನ್ನೇ ತಡೆಯುವುದಕ್ಕೂ ಇರುವ ಅಂತರವನ್ನು ನಾನು ಗಮನಿಸಿರಲಿಲ್ಲ.

ಕಾನೂನು ಉಳಿದರೂ ಕೋಳಿ ಉಳಿಯಲಿಲ್ಲವೆಂಬುದು ಬೇರೆ ಮಾತು. 1953ರ ಮಾರ್ಚಿನಲ್ಲಿ ಮೊಟ್ಟೆ ರೇಷನ್ನಿನಿಂದ ಬಿಡುಗಡೆಯಾಯಿತು. ಮೇವು ಸುಲಭವಾದ ಮೇಲೆ ಹಳೆಯ ಲೆಕ್ಕ ತಲೆಕೆಳಗಾಯಿತು. ಸಾವಿರಾರು ಕೋಳಿಗಳನ್ನು ತಂತಿಯ ಪಂಜರಗಳಲ್ಲಿ ಸಾಲಾಗಿ ಕೂಡಿಹಾಕುವ ಪದ್ಧತಿ ಹಬ್ಬಿತು. ಕೋಳಿ ಹಿತ್ತಲನ್ನು ಬಿಟ್ಟಿತು, ನೆಲವನ್ನೂ ಬಿಟ್ಟಿತು. 1964ರಲ್ಲಿ ರೂತ್ ಹ್ಯಾರಿಸನ್ ಬರೆದ ‘ಅನಿಮಲ್ ಮಷೀನ್ಸ್’ ಪುಸ್ತಕ ಆ ಪಂಜರಗಳ ಒಳಗನ್ನು ಜನರಿಗೆ ತೋರಿಸಿತು. ಯೂರೋಪಿನ ಒಕ್ಕೂಟ ಹಳೆಯ ಬಗೆಯ ಪಂಜರಗಳನ್ನು ನಿಷೇಧಿಸಿದ್ದು 2012ರಲ್ಲಿ.

ಇದೇ ಪಯಣವನ್ನು ನಾವೂ ಮಾಡಿದ್ದೇವೆ. 1971ರಲ್ಲಿ ಬಿ.ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದ ಮೇಲೆ ಕೋಳಿ ಸಾಕಣೆ ನಮ್ಮಲ್ಲಿ ಉದ್ಯಮವಾಯಿತು. ಇಂದು ಪಟ್ಟಣಗಳಲ್ಲಿರುವ ನಾವು ತಿನ್ನುವ ಬಿಳಿಯ ಮೊಟ್ಟೆಯ ಹಿಂದೆ ನಾಮಕ್ಕಲ್ಲಿನಂಥ ಊರುಗಳ ಪಂಜರಗಳಿವೆ. ಮೊಟ್ಟೆಯನ್ನು ಬಡವನ ಕೈಗೆಟಕಿಸಿದ್ದು ಈ ಉದ್ಯಮವೇ. ಅದನ್ನು ಹಗುರಾಗಿ ನೋಡಲಾಗದು. ಆದರೆ ಕುತೂಹಲದ ಸಂಗತಿಯೆಂದರೆ ಉದ್ಯಮ ಬೆಳೆದ ಮೇಲೂ ರಾಜ್ಯ ಮತ್ತೆ ಹಿತ್ತಲ ಬಾಗಿಲು ತಟ್ಟಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೆಬ್ಬಾಳದಲ್ಲಿ ‘ಗಿರಿರಾಜ’ ತಳಿಯನ್ನು ರೂಪಿಸಿದ್ದು ಪಂಜರಕ್ಕಾಗಿ ಅಲ್ಲ, ಹಳ್ಳಿಯ ಹಿತ್ತಲಿಗಾಗಿ. ಹೈದರಾಬಾದಿನ ಕೇಂದ್ರೀಯ ಸಂಶೋಧನಾಲಯದ ‘ವನರಾಜ’ ಕೂಡ ಹಾಗೆಯೇ. ಬಣ್ಣದ ಗರಿ, ಗಟ್ಟಿ ಮೈ, ಸಿಕ್ಕಿದ್ದನ್ನು ಕೆದಕಿ ತಿನ್ನುವ ಸ್ವಭಾವ. ಇಂಥ ಸುಧಾರಿತ ತಳಿಗಳಿಗೆ ಕಾವು ಕೂರುವ ಬುದ್ಧಿ ಮಾತ್ರ ಕಡಿಮೆ. ಆದ್ದರಿಂದ ತಾಯಿಯಿಲ್ಲದ ಮರಿಗಳಿಗೆ ಬುಟ್ಟಿ, ಬಲ್ಬು, ರಟ್ಟಿನ ಸುತ್ತುಗೋಡೆ ಎಂದು ಹಳ್ಳಿಯ ಹೆಣ್ಣುಮಕ್ಕಳು ಮತ್ತೆ ಕೈಗೆ ಸಿಕ್ಕಿದ ಸಾಮಗ್ರಿಯಿಂದಲೇ ಕಾವಿನ ಗೂಡು ಕಟ್ಟುತ್ತಿದ್ದಾರೆ. ಹುಲ್ಲುಪೆಟ್ಟಿಗೆಯ ಸೂತ್ರ ಹಳತಾಗಿಲ್ಲ.

ಇಷ್ಟನ್ನು ಓದಿದ ಮೇಲೆ ಒಂದು ಸಂಜೆ ನೆಲಮಹಡಿಯ ಆ ಮನೆಗೆ ಹೋದೆ. ಹಕ್ಕಿಜ್ವರ ಮುಗಿದು ಬಹಳ ಕಾಲವಾಯಿತು, ಆ ಪತ್ರ ಈಗ ಜಾರಿಯಲ್ಲಿದೆಯೆಂದು ತಿಳಿಯಬೇಕಿಲ್ಲ ಎಂದೆ. ಗೃಹಿಣಿ ಸೆರಗು ಸರಿಪಡಿಸಿಕೊಂಡು ಹಿಂದಿಯಲ್ಲಿ ಹೇಳಿದರು: “ಅಂದೇ ತಂಗಿಯ ಊರಿಗೆ ಕಳಿಸಿಬಿಟ್ಟೆವು, ಸಾಹೇಬರೆ. ದಾರಿಯಲ್ಲಿ ಒಂದು ಸತ್ತಿತು. ಪೆಟ್ಟಿಗೆಗಳಲ್ಲಿ ಈಗ ಈರುಳ್ಳಿ ಇಡುತ್ತೇನೆ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರಿಸುವುದು ನನಗೆ ಸುಲಭವಾಗುತ್ತಿತ್ತು.

ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ನಾನೊಂದು ನಿರ್ಣಯ ಮಂಡಿಸಿದೆ. ನೆಲಮಹಡಿಯ ನಿವಾಸಿಗಳು ಮನೆಬಳಕೆಗೆ ಆರರವರೆಗೆ ಹೇಂಟೆಗಳನ್ನು ಸಾಕಬಹುದು; ಹುಂಜ ಕೂಡದು; ಮಾರಾಟ ಕೂಡದು; ಗೂಡು ಶುಚಿಯಾಗಿರಬೇಕು; ಹಕ್ಕಿಜ್ವರದ ಸೂಚನೆ ಬಂದರೆ ಅನುಮತಿ ತಾನಾಗಿ ನಿಲ್ಲುತ್ತದೆ, ಸೂಚನೆ ಹಿಂತೆಗೆದ ದಿನ ತಾನಾಗಿ ಮರಳುತ್ತದೆ. ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಒಬ್ಬರು ವಾಸನೆಯ ಪ್ರಶ್ನೆ ಎತ್ತಿದರು, ಇನ್ನೊಬ್ಬರು ಬೆಕ್ಕುಗಳ ಪ್ರಶ್ನೆ ಎತ್ತಿದರು, ಮೂರನೆಯವರು ಮೇಲಿನವರ ಒಪ್ಪಿಗೆ ಬೇಕಲ್ಲವೆ ಎಂದರು. ಮೂರೂ ನ್ಯಾಯವಾದ ಪ್ರಶ್ನೆಗಳೇ. ನಿರ್ಣಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ ಎಂದು ನಡಾವಳಿಯಲ್ಲಿ ನಾನೇ ಬರೆದುಕೊಂಡೆ. ಅದರ ಕೆಳಗೆ, 2021ರ ಜನವರಿಯ ಪತ್ರವನ್ನು ಈ ಮೂಲಕ ಹಿಂತೆಗೆಯಲಾಗಿದೆ ಎಂಬ ಒಂದು ಸಾಲನ್ನೂ ಸೇರಿಸಿ ಸಭೆಯ ಮುಂದಿಟ್ಟೆ. ಅದಕ್ಕೆ ಯಾರೂ ಆಕ್ಷೇಪಿಸಲಿಲ್ಲ.